ಗಿರಮಲ್ಲಪ್ಪ ತೋರಿಸಿದ ಜಾಗ

ರೇವಪ್ಪ ಎತ್ತಿದ ಗುದ್ದಲಿಯನ್ನು ಹಾಗೇ ಕೆಳಗಿಳಿಸಿದ. ಜೊತೆಗಿದ್ದ ಮೂವರು ಅವನ ಮುಖ ನೋಡಿದರು. ಎಂಟು ಗಂಟೆ ಆಗಿಹೋಗಿತ್ತು. ಬಿಸಿಲು ಏರುವುದರೊಳಗೆ ಕುಣಿ ತೋಡಿ ಮುಗಿಸಬೇಕು, ಈ ಮನುಷ್ಯ ನೋಡಿದರೆ ಗುದ್ದಲಿ ಹಿಡಿದು ನಿಂತೇಬಿಟ್ಟಿದ್ದ.

"ಯಾಕ ಕಾಕಾ, ಏನಾತು?" ಎಂದು ಒಬ್ಬ ಕೇಳಿದ.

"ಜಾಗ ತೋರಸಾವ್ರ ಯಾರಲೇ?" ಎಂದ ರೇವಪ್ಪ.

ಉಳಿದವರಿಗೆ ಆಗ ಹೊಳೆಯಿತು. ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಈ ಮಸಣದಲ್ಲಿ ಗಿರಮಲ್ಲಪ್ಪ ಬಂದು ತೋರಿಸದೆ ಒಂದು ಕುಣಿಯನ್ನೂ ಯಾರೂ ತೋಡಿದ್ದಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಅವನಿಗೆ ಹೇಳಿಕಳಿಸುತ್ತಿದ್ದರು. ಊರಿಗೆ ನೀರು ಬಿಡುವುದು ಅವನ ನೌಕರಿ. ಹಾಗಾಗಿ ವಾಲ್ ತಿರುಗಿಸುವ ಚಾವಿ ಸದಾ ಅವನ ಹೆಗಲ ಮೇಲಿರುತ್ತಿತ್ತು. ಚಾವಿಯೆಂದರೆ ಕಿಸೆಯಲ್ಲಿಡುವಂಥದ್ದಲ್ಲ, ನಿಲ್ಲಿಸಿದರೆ ಅವನ ಎದೆಮಟ್ಟ ಬರುವ ಕಬ್ಬಿಣದ ಸಲಾಕೆ, ತುದಿಗೊಂದು ಅಡ್ಡ ಹಿಡಿಕೆ. ಮಸಣಕ್ಕೆ ಬಂದವನು ಅತ್ತಿತ್ತ ನಾಲ್ಕು ಹೆಜ್ಜೆ ಹಾಕಿ, ಚಾವಿಯನ್ನು ನೆಲಕ್ಕೊಮ್ಮೆ ಕುಟ್ಟಿ, ಹಿಮ್ಮಡಿಯಿಂದ ಗೆರೆ ಎಳೆದು, ಗೆರೆಯ ಮೇಲೆ ದೇವರ ಅರಿಸಿನದ ಚಿಟಿಕೆ ಭಂಡಾರ ಉದುರಿಸಿ, ಇಲ್ಲಿ ಹಡ್ಡರಿ ಎನ್ನುತ್ತಿದ್ದ. ಬೀರದೇವರ ಒಕ್ಕಲಿನವನು, ಅವನ ಕಾಲಿಗೆ ಮೆತ್ತನೆಯ ಮಣ್ಣು ತಿಳಿಯುತ್ತದೆ ಎಂದು ಊರು ನಂಬಿತ್ತು. ಎರಡು ಸಲ ಅವನು ತೋರಿಸಿದಲ್ಲೇ ಬಂಡೆ ಸಿಕ್ಕು ಹಾರೆ ಬಾಗಿದ್ದನ್ನು ಮರೆತೂ ಬಿಟ್ಟಿತ್ತು. ಬೇಡವಾದದ್ದನ್ನು ಮರೆಯುವುದರಲ್ಲಿ ನಮ್ಮೂರು ಮೊದಲಿನಿಂದಲೂ ಗಟ್ಟಿ.

ಇವತ್ತಿನ ಕುಣಿ ಗಿರಮಲ್ಲಪ್ಪನದೇ. ಬೇವಿನ ಗಿಡದ ಹತ್ತಿರ ಅವನ ಅಪ್ಪನನ್ನು ಇಟ್ಟಿದ್ದರು, ಅವರ ಮಗ್ಗುಲಲ್ಲೇ ಇವನನ್ನೂ ಇಡಬೇಕೆಂದು ಮನೆಯವರು ಹೇಳಿದ್ದರು. ಆದರೆ ಯಾವ ಮಗ್ಗುಲು? ಬಡಗಣ ಬದಿಯಲ್ಲಿ ನೆರಳಿದೆ ಎಂದು ರೇವಪ್ಪ ಅಲ್ಲೇ ಗುದ್ದಲಿ ಎತ್ತಿದ್ದ. ಎತ್ತಿದ ಮೇಲೆ ಕೈ ಬರಲಿಲ್ಲ.

"ಅಕ್ಕನ್ನ ಒಂದ ಮಾತ ಕೇಳಿ ಬರ್ತೇನಿ, ನಿಂದ್ರರಿ" ಎಂದು ಅವನು ಓಣಿಯ ಕಡೆ ನಡೆದ.

ಮನೆಯ ಮುಂದೆ ಹಂದರದ ಕೆಳಗೆ ಗಿರಮಲ್ಲಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ಭಂಡಾರ, ತಲೆಗೆ ಹೊಸ ರುಮಾಲು. ಜೀವಂತ ಇದ್ದಾಗ ಇಷ್ಟು ಹೊತ್ತು ಒಂದೇ ಕಡೆ ಕೂತ ಮನುಷ್ಯನಲ್ಲ ಅದು. ಪಕ್ಕದಲ್ಲಿ ಭಜನೆ ನಡೆದಿತ್ತು. ರಾತ್ರಿಯೆಲ್ಲ ಅತ್ತು ದಣಿದಿದ್ದ ಅವನ ಹೆಂಡತಿ ತಂಗೆವ್ವ ತಮ್ಮ ರೇವಪ್ಪನ ಮಾತು ಕೇಳಿ ತಲೆಯೆತ್ತಿದಳು.

"ಜ್ವರದಾಗ ಒಂದ ಮಾತ ಹೇಳ್ಯಾರೋ ಅವರು. ನನ್ನ ಕುಣಿ ಎಲ್ಲಿ ಹಡ್ಡಬೇಕಂತ ನಕಾಶಿ ಬಾಯಾರನ್ನ ಕೇಳ್ರಿ ಅಂದ್ರು. ನಾ ಬಡಬಡಸಾಕತ್ತಾರಂತ ಸುಮ್ನಾದೆ."

ನಕಾಶಿ ಬಾಯಾರೆಂದರೆ ಶೀತಲ. ಮುಧೋಳದ ಹುಡುಗಿ, ನೀರಿನ ಕಚೇರಿಯಲ್ಲಿ ಎಂಜಿನಿಯರು. ಊರಿನ ಪೈಪುಗಳ ನಕ್ಷೆಯನ್ನೆಲ್ಲ ಕಂಪ್ಯೂಟರಿಗೆ ಏರಿಸುವವಳಾದ್ದರಿಂದ ಓಣಿಯ ಹೆಂಗಸರು ಅವಳಿಗೆ ಆ ಹೆಸರಿಟ್ಟಿದ್ದರು. ಒಂದು ತಾಸಿಗೆಲ್ಲ ಅವಳು ತನ್ನ ಮೇಲಧಿಕಾರಿ ಧರ್ಮರಾಜರ ಜೊತೆ ಹಾರ ಹಿಡಿದುಕೊಂಡು ಬಂದಳು. ಹಾರ ಹಾಕಿ, ಕಾಲು ಮುಟ್ಟಿ, ಕಣ್ಣೊರೆಸಿಕೊಂಡು ನಿಂತವಳ ಮುಂದೆ ರೇವಪ್ಪ ಕೈಮುಗಿದು ಕೇಳಿದ: ಕುಣಿ ಎಲ್ಲಿ ತೋಡೋಣ?

ಹುಡುಗಿಯ ಮುಖ ಬಿಳುಚಿಕೊಂಡಿತು. ಅವಳಿಗೆ ಉತ್ತರ ಗೊತ್ತಿತ್ತು, ಅದೇ ಫಜೀತಿ.

*

ಹೋದ ಶ್ರಾವಣದಲ್ಲಿ ಶೀತಲ ಅವನನ್ನು ಹುಡುಕಿಕೊಂಡು ಬಂದಾಗ ಗಿರಮಲ್ಲಪ್ಪ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಆದರೂ ಚಾವಿ ಮನೆಯಲ್ಲೇ ಇತ್ತು, ಹೊಸಬರಿಗೆ ಹೊಸ ಚಾವಿ ಕೊಟ್ಟಿದ್ದರು.

ಊರಿನ ನೀರಿನ ಜಾಲವನ್ನು ಹಳೆಯ ಕಂಪ್ಯೂಟರ್ ನಕ್ಷೆಯಿಂದ ಹೊಸ ಮಾದರಿಗೆ ಸಾಗಿಸುವ ಕೆಲಸ ಆಗ ಕಚೇರಿಯಲ್ಲಿ ಶುರುವಾಗಿತ್ತು. ಹಳೆಯ ನಕ್ಷೆಯಲ್ಲಿ ಪೈಪೆಂದರೆ ಬರೀ ಒಂದು ಗೆರೆ. ಎರಡು ಗೆರೆಗಳು ಒಂದಕ್ಕೊಂದು ಮುಟ್ಟದೆ ನಿಂತಿದ್ದರೂ ಕೇಳುವವರಿರಲಿಲ್ಲ. ಹೊಸದು ಹಾಗಲ್ಲ. ಅದು ಹೆಣ್ಣು ನೋಡಲು ಬಂದ ಹಿರಿಯರ ಹಾಗೆ ಪ್ರತಿ ಪೈಪನ್ನೂ ಕೂರಿಸಿಕೊಂಡು ವಿಚಾರಿಸುತ್ತದೆ: ನೀರು ಯಾರಿಂದ ತೆಗೆದುಕೊಳ್ಳುತ್ತೀ, ಯಾರಿಗೆ ಕೊಡುತ್ತೀ, ನಿನ್ನನ್ನು ಮುಚ್ಚುವ ವಾಲ್ ಎಲ್ಲಿದೆ? ಉತ್ತರ ಕೊಡದ ಪೈಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೊದಲ ದಿನವೇ ಅದು ಇನ್ನೂರ ಹನ್ನೆರಡು ತಪ್ಪು ತೋರಿಸಿತು. ಅದರ ಪ್ರಕಾರ ಅರ್ಧ ಊರಿಗೆ ನೀರೇ ಹೋಗುತ್ತಿರಲಿಲ್ಲ. ಆ ಅರ್ಧ ಊರು ಮಾತ್ರ ದಿನಾ ಜಳಕ ಮಾಡಿಕೊಂಡು ಆರಾಮಾಗಿತ್ತು.

ಶೀತಲ ದೊಡ್ಡ ಹಾಳೆಯನ್ನು ಕಟ್ಟೆಯ ಮೇಲೆ ಹಾಸಿದಳು. ಗಿರಮಲ್ಲಪ್ಪ ಅದನ್ನು ತಲೆಕೆಳಗಾಗಿ ಬಹಳ ಹೊತ್ತು ನೋಡಿದ.

"ಬಾಯಾರ, ಇದರಾಗ ಪೈಪ ಐತ್ರಿ, ನೀರಿಲ್ಲ" ಎಂದ.

ಅವಳಿಗೆ ನಗು ಬಂತು. ಮರುಗಳಿಗೆ ನಗು ನಿಂತಿತು. ಬೆಳಗಾವಿಯ ತರಬೇತಿಯಲ್ಲಿ ಮೂರು ದಿನ ಕೂರಿಸಿ ಕಲಿಸಿದ್ದನ್ನು ಈತ ಒಂದು ಮಾತಿನಲ್ಲಿ ಹೇಳಿದ್ದ.

ಎರಡು ತಿಂಗಳು ಇಬ್ಬರೂ ಓಣಿ ಓಣಿ ಸುತ್ತಿದರು. ಹಿಪ್ಪರಗಿಯಿಂದ ನೀರು ಬಂದು ಬೀಳುವ ದೊಡ್ಡ ಟಾಕಿಯಿಂದ ಹಿಡಿದು ಕಟ್ಟಕಡೆಯ ನಳದವರೆಗೆ ನಡೆದರು. ಮುಚ್ಚಿಹೋದ ವಾಲ್‌ಗಳನ್ನು ಅವನು ಡಾಂಬರಿನ ಕೆಳಗಿಂದ ತೆಗೆಸಿದ. ಚಾವಿಯನ್ನು ವಾಲ್ ಮೇಲೆ ಊರಿ, ಹಿಡಿಕೆಗೆ ಕಿವಿ ಹಚ್ಚಿ, ಒಳಗೆ ನೀರು ಎತ್ತ ಹರಿಯುತ್ತಿದೆ ಎಂದು ಹೇಳುತ್ತಿದ್ದ. ನೀರು ಬರುವ ಸಪ್ಪಳ ಕೇಳಿದರೆ ಎರಡು ಬೆರಳು ಎತ್ತುತ್ತಿದ್ದ, ಎರಡು ನಿಮಿಷ ಎಂದು ಅದರ ಅರ್ಥ. ಓಣಿಯ ಹೆಂಗಸರು ಆ ಬೆರಳು ನೋಡಿಯೇ ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಅವನು ಹೇಳಿದ್ದನ್ನೆಲ್ಲ ಶೀತಲ ಸ್ಥಳದಲ್ಲೇ ಟ್ಯಾಬ್ಲೆಟ್ಟಿಗೆ ಏರಿಸುತ್ತಿದ್ದಳು. ಇನ್ನೂರ ಹನ್ನೊಂದು ತಪ್ಪು ಸರಿಹೋದವು.

ಉಳಿದದ್ದು ಒಂದು. ನಕ್ಷೆಯಲ್ಲಿ ಟಾಕಿಯ ದೊಡ್ಡ ಪೈಪು ಮಸಣದ ಎದುರಿನ ರಸ್ತೆಗುಂಟ ನೆಟ್ಟಗೆ ಹೋಗಿತ್ತು, ಆದರೆ ಅದರ ಎರಡೂ ತುದಿ ಆಚೀಚಿನ ಪೈಪುಗಳಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಹೋಗೋಣವೆಂದರೆ ಗಿರಮಲ್ಲಪ್ಪ ನಾಳೆ ಎನ್ನುತ್ತಿದ್ದ. ನಾಳೆಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ತಾನೇ ಅವಳನ್ನು ಮಸಣದ ಒಳಗೆ ಕರೆದೊಯ್ದ.

ತೊಂಬತ್ತೆಂಟರಲ್ಲಿ ಆ ಪೈಪು ಹಾಕುವಾಗ ರಸ್ತೆಯಲ್ಲಿ ಹಾಸುಬಂಡೆ ಸಿಕ್ಕಿತಂತೆ. ಕಬ್ಬು ಕಡಿಯುವ ದಿನಗಳು, ಊರೆಲ್ಲ ಹೊಲದಲ್ಲಿತ್ತು. ಮೂರು ಮಧ್ಯಾಹ್ನಗಳಲ್ಲಿ ಪೈಪನ್ನು ಮಸಣದೊಳಗಿಂದ ತಿರುಗಿಸಿ ಹಾಕಿ ಮಣ್ಣು ಮುಚ್ಚಿದರು. ಹೆಣಗಳ ನಡುವೆ ಹಾದ ನೀರೆಂದು ಗೊತ್ತಾದರೆ ಒಬ್ಬರೂ ಕುಡಿಯುವುದಿಲ್ಲ, ಬಾಯಿ ಬಿಡಬೇಡ ಎಂದು ಹೇಳಿ ಆಗಿನ ಎಂಜಿನಿಯರು ವರ್ಗವಾಗಿ ಹೋದರು. ತೋಡಿದವರು ದೂರದ ಊರಿನವರು, ಅವರೂ ಹೋದರು. ಹಾರೆ ಹಿಡಿದು ಜೊತೆಗಿದ್ದ ಗಿರಮಲ್ಲಪ್ಪನೊಬ್ಬ ಉಳಿದ, ಬಾಯಿ ಮುಚ್ಚಿಕೊಂಡು.

"ದೇವರು ಗೀವರು ಏನಿಲ್ರಿ ಬಾಯಾರ. ಇಷ್ಟ ದಿನಾ ನಾ ಪೈಪ ಕಾಯಾಕತ್ತಿದ್ದೆ. ಯಾರದರ ಗುದ್ಲಿ ಬಿದ್ದೀತಂತ ಜಾಗ ತೋರಸ್ತಿದ್ದೆ. ನಾ ಹೋದ ಮ್ಯಾಲ ಯಾರ ಕಾಯ್ತಾರ? ನಿಮ್ಮ ಡಬ್ಬಿ ಕಾಯ್ತೈತೇನು?" ಎಂದು ಟ್ಯಾಬ್ಲೆಟ್ಟಿನ ಕಡೆ ಬೆರಳು ಮಾಡಿದ.

"ಕಾಯ್ತೈತ್ರಿ" ಎಂದಿದ್ದಳು ಶೀತಲ.

ಹೇಳುವುದು ಸುಲಭ. ಅವನು ತೋರಿಸಿದ ದಾರಿಯಲ್ಲೇ ಗೆರೆ ಎಳೆದು, ಟೇಪು ಹಿಡಿದು ಅಳತೆ ಏರಿಸಿದಳು. ಎರಡೂ ತುದಿ ಸರಿಯಾಗಿ ಬಂದು ಕೂಡಿದವು. ಧರ್ಮರಾಜರು ಮಾತ್ರ ಒಪ್ಪಲಿಲ್ಲ. ಅವರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಒಂದೋ ಕಾಗದ ಬೇಕು, ಇಲ್ಲವೇ ಪೈಪನ್ನು ಕಣ್ಣಿಂದ ನೋಡಬೇಕು. ನಿವೃತ್ತ ನೌಕರನೊಬ್ಬನ ಮಾತಿನ ಮೇಲೆ ಮಸಣ ಅಗೆಸಲು ತಾನು ಸಹಿ ಹಾಕುವುದಿಲ್ಲ ಎಂದರು. ಒಪ್ಪಿಗೆ ಸಿಗದ ಗೆರೆ ಕೆಂಪು ಬಣ್ಣದಲ್ಲೇ ಉಳಿಯಿತು. ಕೆಲಸ ಮುಗಿಸುವ ಕೊನೆಯ ದಿನಕ್ಕೂ ಹಸಿರಾಗದ ಗೆರೆಯನ್ನು ಕೈಬಿಟ್ಟು, ರಸ್ತೆಯ ಹಳೆಯ ಸುಳ್ಳು ಗೆರೆಯನ್ನೇ ಎಳೆದು ಜೋಡಿಸುವುದೆಂದು ತೀರ್ಮಾನವಾಯಿತು.

ಆ ಕೊನೆಯ ದಿನ ಇವತ್ತೇ ಆಗಿತ್ತು, ಸಂಜೆ ಐದು ಗಂಟೆಗೆ.

*

ಶೀತಲ ತಂಗೆವ್ವನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದಳು. ಬೇಕಾದರೆ ತಾನು ಗಿರಮಲ್ಲಪ್ಪನ ಹಾಗೆಯೇ ಸುಮ್ಮನೆ ತೆಂಕಣ ಬದಿಗೆ ಬೆರಳು ತೋರಿಸಬಹುದು. ಕುಣಿಯಾಗುತ್ತದೆ, ಗುಟ್ಟು ಉಳಿಯುತ್ತದೆ. ಆದರೆ ಸಂಜೆಗೆ ಅವನ ಗೆರೆ ಅಳಿಸಿಹೋಗುತ್ತದೆ, ಮತ್ತೆ ಆ ಪೈಪಿಗೆ ಕಾವಲು ಇರುವುದಿಲ್ಲ. ಗೆರೆ ಉಳಿಯಬೇಕೆಂದರೆ ಬಡಗಣ ಬದಿಯಲ್ಲಿ ಅಗೆದು ಪೈಪನ್ನು ಎಲ್ಲರೆದುರು ತೋರಿಸಬೇಕು.

ಮಗ ಶಿವಪುತ್ರ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಮಾಡುವವನು, ನಾಲ್ಕು ಜನರ ಮಾತಿಗೆ ಅಂಜುವವನು. ಅಪ್ಪ ಹಂದರದಲ್ಲಿ ಕೂತಿರುವಾಗಲೇ ಊರು ಅವನಿಗೆ ಹೆಣದ ನೀರು ಕುಡಿಸಿದವ ಅಂದರೆ ತನ್ನಿಂದ ತಡೆದುಕೊಳ್ಳಲು ಆಗದು ಎಂದ. ಅಪ್ಪ ಹೇಳಿದಲ್ಲಿ ಪೈಪೇ ಇಲ್ಲದೆ ಹೋದರೆ ಸುಳ್ಳುಗಾರ ಎಂಬ ಹೆಸರೂ ಬರುತ್ತದೆ ಎಂದ. ಆ ಎರಡನೆಯ ಮಾತು ತಂಗೆವ್ವನಿಗೆ ಹತ್ತಿತು. ಗಂಡನನ್ನು ನಲವತ್ತು ವರ್ಷ ಬೈದಿದ್ದಳು. ಊಟದ ಹೊತ್ತಿಗೆ ಬರದಿದ್ದಕ್ಕೆ ಬೈದಿದ್ದಳು, ಹಬ್ಬದ ದಿನವೂ ನೀರು ಬಿಡಲು ಓಡಿದ್ದಕ್ಕೆ ಬೈದಿದ್ದಳು. ಸುಳ್ಳುಗಾರ ಎಂದು ಒಮ್ಮೆಯೂ ಬೈದಿರಲಿಲ್ಲ.

"ಅವರು ಬಾಯಿ ಮುಚ್ಚಿದ್ದೂ ನೀರ ಸಲುವಾಗಿ. ಈಗ ಬಾಯಿ ಬಿಡೂದೂ ನೀರ ಸಲುವಾಗಿನ" ಎಂದಳು. "ಹಡ್ಡಸ್ರಿ ಬಾಯಾರ."

ಧರ್ಮರಾಜರು ಗಡಿಯಾರ ನೋಡಿಕೊಂಡರು. ಮನೆಯವರೇ ಹೇಳಿದ ಮೇಲೆ ತಾನು ಅಡ್ಡ ಬರುವುದಿಲ್ಲ, ಸಿಕ್ಕರೆ ತಾನೇ ಹಸಿರು ಮಾಡುವೆ, ಸಿಗದಿದ್ದರೆ ಈ ಮಾತು ಮತ್ತೆ ಎತ್ತಬಾರದು ಎಂದರು.

ಸುದ್ದಿ ಭಜನೆಗಿಂತ ಮೊದಲು ಊರು ಸುತ್ತಿತು. ನೇಕಾರರ ಮನೆಯ ಮಗ್ಗಗಳು ನಿಂತವು. ಹನ್ನೆರಡರ ಹೊತ್ತಿಗೆ ಮಸಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಜನ ದುಃಖಕ್ಕೆ ಬಂದಿದ್ದರು, ಅರ್ಧ ಜನ ನೋಡಲು. ನಮ್ಮೂರಲ್ಲಿ ಈ ಎರಡು ಬೇರೆ ಬೇರೆ ಅಲ್ಲ.

ಶೀತಲ ಬೇವಿನ ಗಿಡದಿಂದ ಟೇಪು ಹಿಡಿದು ಅಳೆದು, ಟ್ಯಾಬ್ಲೆಟ್ಟಿನಲ್ಲಿ ಕೆಂಪು ಗೆರೆ ನೋಡಿ ನೆಲದ ಮೇಲೆ ಗುರುತು ಮಾಡಿದಳು. ಅದು ಬೆಳಿಗ್ಗೆ ರೇವಪ್ಪ ಗುದ್ದಲಿ ಎತ್ತಿ ನಿಂತ ಜಾಗವೇ ಆಗಿತ್ತು. ರೇವಪ್ಪ ಒಮ್ಮೆ ತನ್ನ ಕೈಗಳನ್ನು ನೋಡಿಕೊಂಡ, ಆಮೇಲೆ ಅಗೆಯಲು ಇಳಿದ.

ಮೊಣಕಾಲುಮಟ್ಟ ಅಗೆದರು, ಬರೀ ಮಣ್ಣು. ಸೊಂಟಮಟ್ಟ ಅಗೆದರು, ಬರೀ ಮಣ್ಣು. ಗಿರಮಲ್ಲಪ್ಪ ಎಷ್ಟು ಆಳ ಅಂದಿದ್ದ ಎಂದು ರೇವಪ್ಪ ಕೇಳಿದ. ಎದೆಮಟ್ಟ ಅಂದಿದ್ದರು ಎಂದಳು ಶೀತಲ, ಆಳಕ್ಕೆ ಅವಳ ಹತ್ತಿರ ಬೇರೆ ಅಳತೆ ಇರಲಿಲ್ಲ. ಮತ್ತೆ ಅಗೆದರು. ಮಣ್ಣು ರೇವಪ್ಪನ ಎದೆಗೆ ಬಂತು. ಏನೂ ಇಲ್ಲ. ಜನ ಗುಸುಗುಸು ಶುರುಮಾಡಿದರು. ಶಿವಪುತ್ರ ತಲೆ ತಗ್ಗಿಸಿದ. ಧರ್ಮರಾಜರು ಒಂದು ಹೆಜ್ಜೆ ಮುಂದೆ ಬಂದು, ಸಾಕು ಮಾಡ್ರಿ, ಒಳ್ಳೆಯ ಮನುಷ್ಯ ಇದ್ದ, ನೆನಪು ತಪ್ಪಿರಬೇಕು ಎಂದರು. ಶೀತಲಳ ಕಣ್ಣಲ್ಲಿ ನೀರು ತುಂಬಿತು. ಡಬ್ಬಿ ಕಾಯುತ್ತದೆ ಎಂದು ಮಾತು ಕೊಟ್ಟವಳು ಅವಳು.

"ಯಾರ ಎದಿಮಟಾ?" ಎಂದು ಕೇಳಿದಳು ತಂಗೆವ್ವ.

ಎಲ್ಲರೂ ಅವಳ ಕಡೆ ತಿರುಗಿದರು.

"ಇಂವಾ ನನ್ನ ತಮ್ಮ, ಗಿಡ್ಡ. ಅವರು ಆರ ಅಡಿ ಆಳು. ಅವರ ಎದಿ ಇವನ ಹಣಿ ಅಕ್ಕೈತಿ. ಮನಿಗೆ ಹೋಗಿ ಚಾವಿ ತರ್ರಿ."

ಚಾವಿ ಬಂತು. ಗಿರಮಲ್ಲಪ್ಪನ ಎದೆಮಟ್ಟದ ಚಾವಿ. ತಗ್ಗಿನಲ್ಲಿ ನಿಲ್ಲಿಸಿದರೆ ಅದರ ಹಿಡಿಕೆ ಇನ್ನೂ ಒಂದು ಗೇಣು ನೆಲದ ಮೇಲಿತ್ತು. ರೇವಪ್ಪ ಗುದ್ದಲಿಯನ್ನು ಮೇಲೆ ಎಸೆದು ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಮಣ್ಣು ಬಗೆಯತೊಡಗಿದ. ಮತ್ತೆ ಚಾವಿ ಇಳಿಸಿದರು, ನಾಲ್ಕು ಬೆರಳು ಉಳಿದಿತ್ತು. ಮತ್ತೆ ಬಗೆದ. ಮೂರನೆಯ ಸಲ ಇಳಿಸಿದಾಗ ಹಿಡಿಕೆ ನೆಲಕ್ಕೆ ಸಮನಾಯಿತು, ಕೆಳಗಿನಿಂದ ಟಣ್ ಎಂದಿತು.

ಹಿಂದೆ ನಿಂತವರಿಗೂ ಕೇಳಿಸಿತು.

ಧರ್ಮರಾಜರು ಬೂಟು ಕಳಚಿ, ಪ್ಯಾಂಟು ಮಡಚಿ, ತಗ್ಗಿಗೆ ಇಳಿದರು. ಅಂಗೈಯಿಂದ ಮಣ್ಣು ಒರೆಸಿದರು. ಕರಿಯ ಕಬ್ಬಿಣದ ದಪ್ಪ ಪೈಪು, ತಣ್ಣಗಿತ್ತು. ಅದರ ಬಾಗು ಶೀತಲಳ ಕೆಂಪು ಗೆರೆ ಬಾಗಿದ ಕಡೆಗೇ ಬಾಗಿತ್ತು. ಅವರು ಅಲ್ಲಿಂದಲೇ ಕೈ ಚಾಚಿ ಟ್ಯಾಬ್ಲೆಟ್ ಇಸಿದುಕೊಂಡು ಗೆರೆಯನ್ನು ಹಸಿರು ಮಾಡಿದರು. ದೃಢಪಡಿಸಿದವರು ಯಾರೆಂದು ಅದು ಕೇಳಿತು. ಅಲ್ಲಿ ಬರೆಯಬೇಕಾದದ್ದು ಅವರದೇ ಹೆಸರು. ಅವರು ಮಣ್ಣು ಮೆತ್ತಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಗಿರಮಲ್ಲಪ್ಪ ಎಂದು ಬರೆದರು.

"ನಂದ ತಪ್ಪಾತು ತಂಗೆವ್ವ" ಎಂದರು. "ಈ ತಗ್ಗು ಮುಚ್ಚಬ್ಯಾಡ್ರಿ. ಇಲ್ಲೊಂದು ಕಟ್ಟಿ ಕಟ್ಟಿಸಿ, ಗುರುತಿನ ಕಲ್ಲು ಹಾಕಸ್ತೇನಿ."

ಜನರಿಗೆ ಆಗ ಸಂತೋಷ ಇಳಿದು ವಿಷಯ ತಲೆಗೆ ಹತ್ತಿತು. ಹಾಗಾದರೆ ಇಷ್ಟು ವರ್ಷ ನಾವು ಕುಡಿದದ್ದು ಮಸಣದೊಳಗಿನ ನೀರೇ ಎಂದು ಒಬ್ಬರು ಕೇಳಿದರು. ಮತ್ತೊಬ್ಬರು ಕೆಮ್ಮಿದರು. ಶಿವಪುತ್ರ ಇದಕ್ಕೇ ಅಂಜಿದ್ದ.

ಬಾಯಿ ತೆರೆದವಳು ಲಕ್ಷ್ಮವ್ವ. ಎಂಬತ್ತರ ಮುದುಕಿ, ಓಣಿಯ ನಳದಲ್ಲಿ ಮೊದಲ ಕೊಡ ಯಾವತ್ತೂ ಅವಳದೇ. ಎರಡು ಕುಣಿ ಆಚೆಗೆ ಅವಳ ಗಂಡನಿದ್ದ.

"ನಮ್ಮ ಮನ್ಯಾಂವ ಅಲ್ಲೇ ಮಲಗ್ಯಾನ. ಬದುಕಿದ್ದಾಗ ಒಂದ ಕೊಡ ನೀರ ತಂದ ಕೊಟ್ಟಾಂವಲ್ಲ. ಸತ್ತ ಮ್ಯಾಲರ ನೀರಿನ ಕೂಡ ಇದ್ದಾನಲ್ಲ, ಇರ್ಲಿ ಬಿಡ್ರಿ. ನನಗ ಎಂಬತ್ತಾತು, ಇದ ನೀರ ಕುಡದ ಗಟ್ಟಿ ಅದೇನಿ."

ಮೊದಲು ರೇವಪ್ಪ ನಕ್ಕ. ಆಮೇಲೆ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಕೊನೆಗೆ ಅಳುತ್ತಿದ್ದ ಶಿವಪುತ್ರನೂ ನಕ್ಕ. ಸಾವಿನ ದಿನ ಮಸಣದಲ್ಲಿ ಊರಿಗೆ ಊರೇ ನಕ್ಕಿದ್ದು ಅದೇ ಮೊದಲು.

ಅಪ್ಪನ ತೆಂಕಣ ಮಗ್ಗುಲಿಗೆ ಕುಣಿಯಾಯಿತು. ಗಿರಮಲ್ಲಪ್ಪನನ್ನು ಡೊಳ್ಳು ಬಾರಿಸಿಕೊಂಡು ತಂದರು. ದಾರಿಯುದ್ದಕ್ಕೂ ಎರಚಿದ ಭಂಡಾರಕ್ಕೆ ಧರ್ಮರಾಜರ ಬಿಳಿ ಅಂಗಿಯೂ ಹಳದಿಯಾಯಿತು. ಅವರು ಒರೆಸಿಕೊಳ್ಳಲಿಲ್ಲ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ತಂಗೆವ್ವ ಹಾಕಿದ ಮಣ್ಣು ಪೈಪಿನ ತಗ್ಗಿನಿಂದ ತಂದದ್ದು.

ಮುಗಿಯುವ ಹೊತ್ತಿಗೆ ಐದಾಗಿತ್ತು. ಶೀತಲ ಕೂತಲ್ಲೇ ಟ್ಯಾಬ್ಲೆಟ್ಟಿನಲ್ಲಿ ಗಿರಮಲ್ಲಪ್ಪನ ಮನೆಯ ನಳದ ಗುರುತನ್ನು ಒತ್ತಿದಳು. ಒಂದು ನೀಲಿ ಗೆರೆ ಅಲ್ಲಿಂದ ಹೊರಟು ಓಣಿ ಹಾಯ್ದು, ಮಸಣದ ಬೇವಿನ ಗಿಡದ ಬಳಿ ಬಾಗಿ, ಎಲ್ಲೂ ನಿಲ್ಲದೆ ದೊಡ್ಡ ಟಾಕಿಗೆ ಹೋಗಿ ಮುಟ್ಟಿತು. ಹೊಸ ಮಾದರಿ ಒಂದೂ ತಪ್ಪು ತೋರಿಸಲಿಲ್ಲ. ಅವಳು ಓಡಿಹೋಗಿ ಅದನ್ನು ತಂಗೆವ್ವನಿಗೆ ಹಿಡಿದು ತೋರಿಸಿದಳು.

ತಂಗೆವ್ವ ಗೆರೆಯನ್ನು ನೋಡಿ ತಲೆಯಾಡಿಸಿ, ಹುಡುಗಿಯ ಗಲ್ಲ ಸವರಿದಳು. ಆಮೇಲೆ ಚಾವಿಯನ್ನು ಎತ್ತಿಕೊಂಡು ತೆರೆದ ತಗ್ಗಿನ ಹತ್ತಿರ ಹೋದಳು. ಪೈಪಿನ ಮೇಲೆ ಊರಿದಳು. ಹಿಡಿಕೆ ನೆಲಕ್ಕೆ ಸಮನಾಗಿದ್ದರಿಂದ ಮೊಣಕಾಲೂರಿ ಬಾಗಿ, ಗಂಡ ಹಚ್ಚುತ್ತಿದ್ದ ಹಾಗೆ ಕಿವಿ ಹಚ್ಚಿದಳು. ಟಾಕಿಯಿಂದ ಸಂಜೆಯ ನೀರು ಬಿಡುವ ಹೊತ್ತು ಅದು. ಮಸಣದ ಬಾಗಿಲಲ್ಲಿ ಕೈಕಾಲು ತೊಳೆಯಲು ನಳದ ಮುಂದೆ ನಿಂತಿದ್ದ ಜನ ಅವಳನ್ನೇ ನೋಡುತ್ತಿದ್ದರು.

ಬಹಳ ಹೊತ್ತಿನ ಮೇಲೆ ತಂಗೆವ್ವ ತಲೆ ಎತ್ತದೆಯೇ ಬಲಗೈ ಮೇಲೆತ್ತಿದಳು, ಎರಡು ಬೆರಳು.

ಲಕ್ಷ್ಮವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು ಒಣ ನಳದ ಕೆಳಗೆ, ಮನೆಯಿಂದ ತರಿಸಿಕೊಂಡಿದ್ದ ತನ್ನ ಕೊಡ ಇಟ್ಟಳು. ಅವಳ ಹಿಂದೆ ಸಾಲು ನಿಂತಿತು.